ಹೊಗೆ ತೊಳೆಯುವ ನೀರಿನ ಕರೆಮ್ಮ

ಸೂರ್ಯ ಇನ್ನೂ ಮೇಲೆದ್ದಿಲ್ಲ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಬಿಳಿ ಕಾರೊಂದು ನಿಂತಿದೆ. ಒಳಗೆ ನಿದ್ದೆ ಹೋದ ಮಕ್ಕಳು, ಹೊರಗೆ ಫೋನು ಹಿಡಿದು ಸಿಡಿಮಿಡಿಗೊಂಡ ಅಪ್ಪ. ಚಹಾ ಕುಡಿಯಲೆಂದು ಎಂಜಿನ್ ಆರಿಸಿದ್ದೇ ತಪ್ಪಾಗಿದೆ. ಈಗ ಏನು ಮಾಡಿದರೂ ಗಾಡಿ ಚಾಲೂ ಆಗುತ್ತಿಲ್ಲ.

ಅಷ್ಟರಲ್ಲಿ ಸ್ಕೂಟಿಯ ಕಾಲಿಡುವ ಜಾಗದಲ್ಲಿ ಬಿಳಿ ಕ್ಯಾನೊಂದನ್ನು ನಿಲ್ಲಿಸಿಕೊಂಡು ಕರೆಮ್ಮ ಬಂದಿಳಿಯುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಡೀಸೆಲ್ ಮುಚ್ಚಳದ ಪಕ್ಕದಲ್ಲಿರುವ ನೀಲಿ ಮುಚ್ಚಳದ ಸುತ್ತಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಮತ್ತೆ ಒಣಬಟ್ಟೆಯಿಂದ ಒರೆಸುತ್ತಾರೆ. ಆಮೇಲೆಯೇ ಮುಚ್ಚಳ ತೆಗೆಯುವುದು.

"ಒಂದು ಚಿಟಿಕಿ ಮಣ್ಣು ಒಳಗ ಹೋಗಬಾರದ್ರೀ. ಇದಕ್ಕ ಭಾಳ ಮಡಿ" ಎಂದು ನಗುತ್ತಾರೆ.

ಕ್ಯಾನು ಖಾಲಿಯಾದ ಮೇಲೆ ಕಾರಿನವರಿಗೆ ಹೇಳುತ್ತಾರೆ: "ಈಗ ಕೀಲಿ ತಿರುವಿ ಸುಮ್ನ ಕುಂದರ್ರಿ. ಸೆಲ್ಫ್ ಹೊಡೀಬ್ಯಾಡ್ರಿ. ಹೊಟ್ಟಿ ತುಂಬೈತಿ ಅಂತ ಅದಕ್ಕ ತಿಳಿಯಾಕ ಒಂದೀಟು ಹೊತ್ತು ಬೇಕು." ಸ್ವಲ್ಪ ಹೊತ್ತಿಗೆ ಎದುರಿನ ಹಳದಿ ದೀಪ ಆರುತ್ತದೆ, ಸೆಲ್ಫ್ ಹೊಡೆದೊಡನೆ ಎಂಜಿನ್ ಗುಡುಗುತ್ತದೆ. ಮಕ್ಕಳು ಎಚ್ಚರಗೊಂಡು ಕಣ್ಣುಜ್ಜಿಕೊಳ್ಳುತ್ತವೆ.

ಈಚಿನ ವರ್ಷಗಳಲ್ಲಿ ಬಂದ ಡೀಸೆಲ್ ಕಾರುಗಳಲ್ಲಿ ಹಲವಕ್ಕೆ ಡೀಸೆಲ್ ಒಂದೇ ಸಾಲದು. ಹೊಗೆಯಲ್ಲಿರುವ ವಿಷಾನಿಲವನ್ನು ಕಡಿಮೆ ಮಾಡಲು ಶುದ್ಧ ನೀರಿನಲ್ಲಿ ಶುದ್ಧ ಯೂರಿಯಾ ಕರಗಿಸಿ ತಯಾರಿಸಿದ ದ್ರವವೊಂದು ಬೇಕು. ಡಿಇಎಫ್ ಎಂಬುದು ಅದರ ಹೆಸರು. ಅದು ಮುಗಿಯುತ್ತ ಬಂದಾಗ ಕಾರು ಬಹಳ ಮೊದಲೇ ಎಚ್ಚರಿಸುತ್ತದೆ. ಲಕ್ಷ್ಯ ಕೊಡದೆ ಪೂರ್ತಿ ಖಾಲಿ ಮಾಡಿ, ಒಮ್ಮೆ ಎಂಜಿನ್ ಆರಿಸಿದರೆ ಮತ್ತೆ ಚಾಲೂ ಆಗುವುದಿಲ್ಲ. ಈ ಭಾಗದ ಚಾಲಕರು ಅದನ್ನು 'ಯೂರಿಯಾ ನೀರು' ಎನ್ನುತ್ತಾರೆ. ಕರೆಮ್ಮನ ಬಾಯಲ್ಲಿ ಅದು 'ಹೊಗಿ ತೊಳಿಯೋ ನೀರು'. ಭತ್ತಕ್ಕೆ ಹಾಕುವ ಯೂರಿಯಾವನ್ನೇ ಕಲಸಿ ಸುರಿಯಲು ಹೊರಟವರನ್ನು ಅವರು ಎಷ್ಟೋ ಸಲ ತಡೆದಿದ್ದಾರೆ. "ಹೊಲದ ಗೊಬ್ಬರ ಹೊಲಕ್ಕ ಛಲೋ ರೀ. ಇದರಾಗ ಹಾಕಿದ್ರ ನಳಿಗಿ ಎಲ್ಲಾ ಕಟ್ಕೊಂಡು ಕುಂದರ್ತೈತಿ."

ನಲವತ್ತು ದಾಟಿದ ಕರೆಮ್ಮನದು ಕುರಿ ಕಾಯುವ ಮನೆತನ. ಗಂಡ ದ್ಯಾವಪ್ಪ ವರ್ಷದ ಬಹುಭಾಗ ಹಿಂಡಿನ ಜೊತೆ ಊರೂರು ತಿರುಗುತ್ತಾರೆ. ಮಸ್ಕಿಯ ಹೊರಗಿನ ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದಾಗ ಕರೆಮ್ಮ ಈ ದ್ರವಕ್ಕಾಗಿ ಪರದಾಡುವವರನ್ನು ನೋಡಿದರು. ಬಂಕಿನಲ್ಲಿ ಅದು ಸಿಕ್ಕ ದಿನಕ್ಕಿಂತ ಸಿಗದ ದಿನವೇ ಹೆಚ್ಚು. ಕೆಲಸ ಬಿಟ್ಟು, ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಗಾಡಿ ನಿಂತಲ್ಲಿಗೇ ಕ್ಯಾನು ಮುಟ್ಟಿಸತೊಡಗಿದರು. ಇಲ್ಲಿನ ಬಿಸಿಲಿಗೆ ದ್ರವ ಕೆಡುತ್ತದೆ. ಹಾಗಾಗಿ ಮಣ್ಣಿನ ಮಾಳಿಗೆಯ ತಂಪು ಕೋಣೆಯಲ್ಲಿ ಕ್ಯಾನುಗಳಿರುತ್ತವೆ, ಬೇಸಿಗೆಯಲ್ಲಿ ಮನೆಯವರು ಅಂಗಳದಲ್ಲಿ ಮಲಗುತ್ತಾರೆ.

ಎರಡು ವರ್ಷದ ಹಿಂದೆ ಈ ಬದುಕು ಮುಗಿದೇ ಹೋಯಿತು ಅನ್ನಿಸುವಂಥದ್ದು ನಡೆಯಿತು. ಕಾಯಂ ಬರುವ ಮಾಲು ತಡವಾಗಿತ್ತು. ಗುರುತಿಲ್ಲದ ಒಬ್ಬ ಟೆಂಪೋದಲ್ಲಿ ಕ್ಯಾನು ತಂದಿಳಿಸಿದ. ಕೆಲವು ಕ್ಯಾನುಗಳ ಸೀಲು ಸಡಿಲವಾಗಿತ್ತು.

"ಕಣ್ಣಿಗೆ ಕಂಡಿತ್ರೀ, ಇಲ್ಲ ಅನ್ನಂಗಿಲ್ಲ. ಬಿಸಲಿಗೆ ಹಂಗಾಗ್ಯಾವ ಅಂದ. ಫೋನ್ ಮ್ಯಾಲ ಫೋನ್ ಬರಾಕತ್ತಿದ್ವು. ಹೌದೇನೋ ಅಂತ ಇಳಿಸ್ಕೊಂಡೆ."

ಅದರಲ್ಲೊಂದು ಕ್ಯಾನನ್ನು ಮಸ್ಕಿಯ ಬಾಡಿಗೆ ಕಾರಿನ ಚಾಲಕ ಖಾಜಾಸಾಬ್ ತಮ್ಮ ಗಾಡಿಗೆ ಹಾಕಿಸಿದರು. ಮರುದಿನವೇ ಕೆಂಪು ದೀಪ ಹತ್ತಿತು. ಮೆಕ್ಯಾನಿಕ್ ಗಂಗಾಧರ ಒಂದು ಹನಿಯನ್ನು ಯೂರಿಯಾ ಎಷ್ಟಿದೆ ಎಂದು ತೋರಿಸುವ ಚಿಕ್ಕ ಗಾಜಿನ ಸಾಧನದ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. "ಅಕ್ಕಾ, ಇದು ಅಸಲಿ ಅಲ್ಲ. ಬರೇ ನೀರು ಕೂಡಿಸ್ಯಾರ."

ಖಾಜಾಸಾಬ್ ನಡುಬೀದಿಯಲ್ಲಿ ಕೂಗಾಡಿದರು. ಹೊಟ್ಟೆಪಾಡಿನ ಗಾಡಿ ಕೆಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ? ಮಿಕ್ಕವರು ಬುದ್ಧಿ ಹೇಳಿದರು, ಮಾರಿದ್ದು ಮಾರಿಯಾಯಿತು, ಬಾಯಿ ಮುಚ್ಚಿಕೊಂಡಿರು ಎಂದು. ಕರೆಮ್ಮ ಸ್ಕೂಟಿ ಹತ್ತಿದರು.

ಆ ಕ್ಯಾನುಗಳನ್ನು ಯಾರ್ಯಾರಿಗೆ ಕೊಟ್ಟಿದ್ದರೋ ಅವರನ್ನೆಲ್ಲ ನೆನಪು ಮಾಡಿಕೊಂಡು ಹುಡುಕುತ್ತ ಹೋದರು. ಕೆಲವರು ಫೋನಿಗೆ ಸಿಕ್ಕರು, ಸಿಗದವರ ಮನೆ ಬಾಗಿಲಿಗೇ ಹೋದರು. ಲಿಂಗಸುಗೂರಿನಲ್ಲಿ ಇಬ್ಬರು ಮುಟ್ಟದ ಕ್ಯಾನನ್ನು ಮರಳಿಸಿದರು. ಇನ್ನೊಬ್ಬರು ಆಗಲೇ ಸುರಿದಿದ್ದರು. ಗಾಡಿ ಓಡಿಸದೆ ಟ್ಯಾಂಕು ಖಾಲಿ ಮಾಡಿಸಿರೆಂದು ಕೈಮುಗಿದು ಹೇಳಿ, ಬೈಸಿಕೊಂಡು ಬಂದರು.

ಕೊನೆಯ ಕ್ಯಾನು ಸಾಲಗುಂದದ ರೈತ ಶಿವಶರಣಪ್ಪನವರ ಮನೆಯಲ್ಲಿತ್ತು. ಹೆಂಡತಿ ಸಂಗಮ್ಮನವರನ್ನು ಕಣ್ಣಿನ ಆಪರೇಷನ್ನಿಗೆಂದು ಹೈದರಾಬಾದಿಗೆ ಕರೆದೊಯ್ಯಲು ಅವರು ಹೊರಟು ನಿಂತಿದ್ದರು. ಚೀಲಗಳು ಕಾರಿನಲ್ಲಿದ್ದವು. ಕರೆಮ್ಮ ಅಂಗಳಕ್ಕೆ ಬಂದಾಗ ಶಿವಶರಣಪ್ಪ ನೀಲಿ ಮುಚ್ಚಳ ತೆಗೆದು ಕ್ಯಾನು ಎತ್ತುತ್ತಿದ್ದರು.

"ಸಾವ್ಕಾರ್ರ, ಹಾಕಬ್ಯಾಡ್ರಿ!"

"ಯಾಕವಾ? ಮೊನ್ನಿ ನೀನ ಕೊಟ್ಟೀದಿ ಅಲ್ಲ?"

"ನಾನ ಕೊಟ್ಟೀನ್ರೀ. ಅದು ಖೊಟ್ಟಿ ಮಾಲು. ನಾ ಮೋಸ ಹೋಗೀನಿ, ನೀವು ಹೋಗಬ್ಯಾಡ್ರಿ."

ಅವರಿಗೆ ಸಂಶಯ ಬಂತು. ಇದನ್ನು ಒಯ್ದು ಬೇರೆ ಯಾರಿಗೋ ಮಾರುತ್ತಾಳೋ ಏನೋ ಎಂದರು. ಕರೆಮ್ಮ ಅವರ ಕೈಯಿಂದ ಕ್ಯಾನು ತೆಗೆದುಕೊಂಡು, ಅಂಗಳದ ತೆಂಗಿನ ಗಿಡದ ಬುಡಕ್ಕೆ ಪೂರ್ತಿ ಸುರಿದುಬಿಟ್ಟರು. "ಒಂದು ತಾಸು ತಡೀರಿ" ಎಂದವರೇ ಸಿಂಧನೂರಿಗೆ ಹೋಗಿ, ಕಾರು ಮಾರುವ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಕೇಳಿ, ಸೀಲು ಗಟ್ಟಿಯಿದ್ದ ಕ್ಯಾನು ತಂದು ತಾವೇ ತುಂಬಿಸಿದರು.

ಸಂಗಮ್ಮ ಈಗ ಆ ದಿನವನ್ನು ನೆನೆಯುತ್ತಾರೆ: "ಆಗ ನನಗ ಅಕಿ ಮಾರಿನೂ ನೆಟ್ಟಗ ಕಾಣ್ತಿದ್ದಿಲ್ಲ. ಬಿಸಲಾಗ ಬಂದಾಳಂತ ವಾಟಗಾ ತುಂಬ ಮಜ್ಜಿಗಿ ಕೊಟ್ಟೆ. ವಾಟಗಾ ಕೈಯಾಗ ಹಿಡಕೊಂಡು ಬಿಕ್ಕಿ ಬಿಕ್ಕಿ ಅತ್ಲು. ಖೊಟ್ಟಿ ಮಂದಿ ಹಂಗ ಅಳೂದಿಲ್ರೀ." ಅವರು ಹೈದರಾಬಾದಿಗೆ ಸುಖವಾಗಿ ಹೋಗಿ ಬಂದರು. ಕಣ್ಣೂ ಚೆನ್ನಾಗಿದೆ.

ಕರೆಮ್ಮನ ವ್ಯಾಪಾರ ಮಾತ್ರ ನಿಂತುಹೋಯಿತು. ಫೋನು ಮೂಕವಾಯಿತು. ಆದ ನಷ್ಟ ತುಂಬಲು, ಖಾಜಾಸಾಬರ ಗಾಡಿಯ ರಿಪೇರಿಗೆ ತಮ್ಮ ಪಾಲು ಕೊಡಲು ಅವರು ವಳಕಮದಿನ್ನಿಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋದರು. ಒಂದು ಮುಂಜಾನೆ ಬದುವಿನ ಮೇಲೆ ಖಾಜಾಸಾಬ್ ಬಂದು ನಿಂತರು.

"ಕರೆಮ್ಮಕ್ಕಾ, ಕೆಸರು ಬಿಟ್ಟು ಮ್ಯಾಲ ಬಾ. ನನ್ನ ಗಾಡ್ಯಾಗ ಯೂರಿಯಾ ನೀರು ಮುಗೀತಂತ ದೀಪ ಹತ್ತೇತಿ."

"ಬ್ಯಾರೆ ಕಡಿ ಹಾಕಿಸ್ಕೋ ಅಣ್ಣಾ. ನನ್ನ ಮ್ಯಾಲ ಮತ್ತ ಹೆಂಗ ಭರೋಸಾ ಇಡ್ತಿ?"

"ತಪ್ಪು ಮಾಲು ಮಾರಿದವ್ರು ಭಾಳ ಮಂದಿ ಅದಾರ. ಮನಿ ಮನಿಗೆ ಹೋಗಿ ವಾಪಸ್ ತಂದಾಕಿ ನೀ ಒಬ್ಬಾಕಿ. ಇನ್ನ ಯಾರ ಮ್ಯಾಲ ಇಡ್ಲಿ ಭರೋಸಾ?"

ಖಾಜಾಸಾಬ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬಾಡಿಗೆ ಚಾಲಕರಿಗೆಲ್ಲ ಕರೆಮ್ಮನ ನಂಬರು ಕೊಟ್ಟರು. ಈಗ ಗಾಡಿಗಳ ಓಡಾಟ ಹೆಚ್ಚುವ ಸುಗ್ಗಿಯ ದಿನಗಳಲ್ಲಿ ಕರೆಮ್ಮನಿಗೆ ಉಣ್ಣಲೂ ಪುರುಸೊತ್ತಿಲ್ಲ. ಗಂಗಾಧರರ ಬಳಿ ಕೇಳಿ ಅಂಥದೇ ಗಾಜಿನ ಸಾಧನವೊಂದನ್ನು ತರಿಸಿಕೊಂಡಿದ್ದಾರೆ. ಹೊಸ ಮಾಲು ಬಂದಾಗಲೆಲ್ಲ ತಾವೇ ಹನಿ ಇಟ್ಟು ನೋಡುತ್ತಾರೆ. ಸಂಶಯ ಬಂದ ಮಾಲನ್ನು ಟೆಂಪೋದಿಂದ ಇಳಿಯಲೂ ಬಿಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಮುಂದೆ ಏನು ಆಸೆಯಿದೆ ಎಂದು ಕೇಳಿದೆ. ಕರೆಮ್ಮ ರೊಟ್ಟಿ ಮುರಿಯುತ್ತ ಹೇಳಿದರು:

"ನಾ ಮುಟ್ಟಿದ ಕಾರೆಲ್ಲಾ ನಿಂತ ಕಾರೇ ನೋಡ್ರಿ. ಚಾಲೂ ಆದ ಕೂಡ್ಲೆ ಹೊಂಟ ಹೋಗ್ತಾವ. ಓಡೋ ಕಾರಿನ್ಯಾಗ ಒಮ್ಮೆ ಕುಂದರಬೇಕಂತ ಐತಿ. ಲಿಂಗಸುಗೂರು ದಾಟಿ, ನಮ್ಮ ಮನಿಯವ್ರ ಕುರಿ ಎಲ್ಲಿ ಮೇಯಾಕತ್ಯಾವೋ ಅಲ್ಲಿತನ ಹೋಗಿ ಇಳೀಬೇಕು. ಅವ್ರು ಬೆರಗಾಗಿ ನೋಡಬೇಕು, ಯಾರು ಬಂದಾರಪ್ಪಾ ಅಂತ."