ಸೋತವರ ಸಮ್ಮೇಳನ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನೀವೂ ಎಷ್ಟೋ ಸಲ ಅಂದಿರುತ್ತೀರಿ. ನಾನು ಅದನ್ನು ತಿಂಗಳುಗಟ್ಟಲೆ ಅನುಭವಿಸಿದೆ. ಬರೀ ಗಾದೆಯ ಮಾತಾಗಿ ಅಲ್ಲ, ನಿಜವಾಗಿ.

ಕೃಷ್ಣರಾಜನಗರದ ಸ್ಟೇಷನ್ನಿನಿಂದ ಹೊರಟ ಜಟಕಾ ಮಗುಚಿಕೊಂಡಿತು. ಕುದುರೆಗೆ ಏನೂ ಆಗಲಿಲ್ಲ. ನನ್ನ ಬಲಗೈ ಮುರಿಯಿತು. ಮೂಳೆ ಕಟ್ಟುವುದರಲ್ಲಿ ಸುತ್ತಮುತ್ತಲ ಊರಿಗೆಲ್ಲ ಹೆಸರಾದ ಹಾರನಹಳ್ಳಿಯ ಕಾಳೇಗೌಡರು ಬಂದರು. ಮೊಟ್ಟೆಯ ಲೋಳೆ ಹಚ್ಚಿ, ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಮೂಳೆಯೇನೋ ಕೂಡಿತು. ಕಟ್ಟು ಬಿಚ್ಚಿ ನೋಡಿದರೆ ಮೊಣಕೈ ಮಡಚುವುದೇ ಇಲ್ಲ! ಮೈಸೂರಿಗೆ ಹೋಗಿ ಡಾಕ್ಟರಿಗೂ ತೋರಿಸಿದೆ. ಅವರು ಇಂಗ್ಲಿಷಿನಲ್ಲಿ ವಿಷಾದಪಟ್ಟು ಕಳಿಸಿದರು.

ಮಡಚದ ಬಲಗೈ ಇಟ್ಟುಕೊಂಡು ಮುದ್ದೆ ಉಣ್ಣುವುದು ಹೇಗೆ? ಎಡಗೈಯಲ್ಲಿ ಉಂಡರೆ ಪಂಕ್ತಿಯಲ್ಲಿ ಕೂತವರೆಲ್ಲ ಮುಖ ತಿರುಗಿಸುತ್ತಾರೆ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ನನ್ನ ಹೆಂಡತಿ ಗೌರಮ್ಮ ಮೊದಲು ಮೊಮ್ಮಗಳಿಗೆ ತುತ್ತು ಕೊಟ್ಟು, ಆಮೇಲೆ ನನಗೆ ಕೊಡುತ್ತಿದ್ದಳು. ನಾಚಿಕೆಗೆ ಅರ್ಧ ಹೊಟ್ಟೆಯಲ್ಲೇ ಸಾಕು ಅಂದುಬಿಡುತ್ತಿದ್ದೆ. ಇನ್ನು ಸಾಯುವ ತನಕ ಹೀಗೇ ಅಲ್ಲವೇ ಅನ್ನಿಸಿದಾಗ, ಸುಳ್ಳೇಕೆ ಹೇಳಲಿ, ಅಳು ಬರುತ್ತಿತ್ತು.

ಈ ಅಂಕಣವನ್ನೂ ಅಂದಿನಿಂದ ನಾನು ಹೇಳುವುದು, ಅವಳು ಬರೆಯುವುದು. (ನಡುನಡುವೆ ತಿದ್ದುವುದೂ ನಾನೇ. — ಗೌರಮ್ಮ.) ನೋಡಿದಿರಾ?

ಇರಲಿ. ಹೇಳಹೊರಟಿದ್ದು ಕಾನ್ಫರೆನ್ಸಿನ ವಿಷಯ.

ಪಿರಿಯಾಪಟ್ಟಣದಲ್ಲಿ ನಂಜುಂಡ ಪಂಡಿತರು ಅಂತ ಆಯುರ್ವೇದದವರೊಬ್ಬರು ಇದ್ದಾರೆ. ಹಳ್ಳಿ ಹಳ್ಳಿಯ ನಾಟಿ ವೈದ್ಯರನ್ನೆಲ್ಲ ಒಂದು ಕಡೆ ಸೇರಿಸಬೇಕು, ಒಬ್ಬರ ವಿದ್ಯೆ ಒಬ್ಬರಿಗೆ ತಿಳಿಯಬೇಕು ಅನ್ನುವುದು ಅವರ ಬಹುದಿನದ ಹಂಬಲ. ಹೋದ ವರ್ಷ, ನನ್ನ ಕೈ ಮುರಿಯುವುದಕ್ಕೆ ಮುಂಚೆ, ಒಂದು ಸಮ್ಮೇಳನ ಮಾಡಿಯೂ ಮಾಡಿದರು. ಚಪ್ಪರ, ಬಾಳೆಕಂಬ, ಅಮಲ್ದಾರರಿಗೆ ಹಾರ, ಪ್ರಾರ್ಥನೆ, ಸ್ವಾಗತ, ಅಧ್ಯಕ್ಷ ಭಾಷಣ. ಯಾವುದಕ್ಕೂ ಕಡಿಮೆಯಿರಲಿಲ್ಲ. ನಾನೂ ಮಾತಾಡಿದೆ. ಸಭಿಕರು ತಲೆದೂಗಿದರು. (ತೂಗಿದ್ದಲ್ಲ, ತೂಕಡಿಸಿದ್ದು. — ಗೌರಮ್ಮ.)

ಕೊನೆಗೆ ಪಂಡಿತರು ಕೈಮುಗಿದು, "ಲೋಕಕ್ಕೆ ಉಪಕಾರವಾಗಲಿ, ನಿಮ್ಮ ನಿಮ್ಮ ಮದ್ದುಗಳನ್ನು ತಿಳಿಸಿ" ಎಂದರು. ಇದೇ ಕಾಳೇಗೌಡರು ಎದ್ದು ನಿಂತು, "ತಪ್ಪು ತಿಳೀಬ್ಯಾಡಿ ಬುದ್ಧಿ. ನಮ್ಮಪ್ಪ ಸಾಯೋ ಗಳಿಗೇಲಿ ಕೈ ಮ್ಯಾಲೆ ಕೈ ಇಡ್ಸಿ ಆಣೆ ತಕ್ಕಂಡವ್ನೆ. ಬಾಯ್ಬುಟ್ರೆ ಮದ್ದು ಕೆಟ್ಟೋಯ್ತದೆ" ಎಂದರು. ಎಲ್ಲರೂ ಹೌದು ಹೌದು ಎಂದರು. ಪಾಯಸ ಉಂಡರು. ಹೊರಟುಹೋದರು.

ಹೇಳಬಾರದು ಅನ್ನುವುದೇ ಕಸುಬಿನ ಕಟ್ಟಳೆಯಾದವರನ್ನು ಕೂರಿಸಿಕೊಂಡು ಸಮ್ಮೇಳನ ಮಾಡುವುದೆಂದರೇನು? ಬೇರೆ ಯಾರಾದರೂ ಆಗಿದ್ದರೆ ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅಂತ ಬೈದು ಕೈತೊಳೆದುಕೊಳ್ಳುತ್ತಿದ್ದರು. ಪಂಡಿತರು ಬೈಯಲಿಲ್ಲ. ವರ್ಷವೆಲ್ಲ ಯೋಚನೆ ಮಾಡಿದರು. ಈ ವರ್ಷ ನನ್ನನ್ನು ಕರೆಯಲು ಬಂದಾಗ ಅವರು ಆಡಿದ ಮಾತು ಇದು: "ಗುಣವಾದ ಮದ್ದನ್ನು ಹೇಳಬಾರದು ಅಂತ ಆಣೆ ಇದೆ, ಸ್ವಾಮಿ. ಗುಣವಾಗದೆ ಹೋದದ್ದನ್ನು ಹೇಳಬಾರದು ಅಂತ ಯಾವ ಅಪ್ಪನೂ ಆಣೆ ತೆಗೆದುಕೊಂಡಿಲ್ಲವಲ್ಲ?"

"ಭೇಷ್. ನನ್ನ ಭಾಷಣ ಯಾವ ಹೊತ್ತಿಗೆ?" ಎಂದೆ.

"ಭಾಷಣ ಬೇಡಿ. ಸುಮ್ಮನೆ ಬಂದು ಕೂತಿರಿ."

ನನಗೆ ಮೂಗಿನ ತುದಿಯಲ್ಲಿ ಕೋಪ. ಹೋಗಿ ನೋಡಿ, ನಿಮಗೆ ಒಂದು ಒಳ್ಳೆಯ ತಮಾಷೆಯ ರಿಪೋರ್ಟು ಬರೆಸೋಣ ಅಂತಲೇ ಮೋಟಾರು ಹತ್ತಿದೆ.

ಚಪ್ಪರವಿಲ್ಲ. ವೇದಿಕೆಯಿಲ್ಲ. ಊರಾಚೆಯ ಮಾವಿನ ತೋಪಿನಲ್ಲಿ ಸುತ್ತಲೂ ಚಾಪೆ ಹಾಸಿದ್ದರು. ಕುರ್ಚಿ ಇಟ್ಟರೆ ಅದರ ಮೇಲೆ ಯಾರೋ ಒಬ್ಬರು ದೊಡ್ಡವರಾಗುತ್ತಾರೆ ಅಂತ ಒಂದು ಕುರ್ಚಿಯನ್ನೂ ತರಿಸಿರಲಿಲ್ಲ. ಅಮಲ್ದಾರರಿಗೂ ಚಾಪೆಯೇ. ಸಂತೆಯ ಮಾರನೆಯ ದಿನ ಇಟ್ಟುಕೊಂಡದ್ದರಿಂದ ಹಿಂದಿನ ದಿನವೇ ಊರಿಗೆ ಬಂದವರು ಹಾಗೇ ಉಳಿದಿದ್ದರು. ಇನ್ನೊಂದು ಜಾಣತನ ನೋಡಿ: ಊಟ ಮೊದಲು, ಮಾತು ಆಮೇಲೆ. ಹಸಿದವನ ಕಿವಿ ಅಡಿಗೆಯವನ ಸೌಟಿನ ಕಡೆ ಇರುತ್ತದೆ ಅನ್ನುವುದು ನಮ್ಮ ಎಷ್ಟು ಸಮ್ಮೇಳನದವರಿಗೆ ಗೊತ್ತು?

ನನಗೆ ಮಾತ್ರ ಅದು ಪೇಚಿಗಿಟ್ಟುಕೊಂಡಿತು. ಇವತ್ತು ಒಪ್ಪತ್ತು ಅಂತ ಸುಳ್ಳು ಹೇಳಿ ದೂರದ ಮರಕ್ಕೆ ಒರಗಿ ಕೂತೆ. ಎದುರು ಸಾಲಿನಲ್ಲಿ ಕಾಳೇಗೌಡರು ಉಣ್ಣುತ್ತಿದ್ದರು. ಅವರು ನನ್ನನ್ನು ನೋಡಿದರು. ನಾನು ನೋಡದವನಂತೆ ಮಾಡಿದೆ.

ಎಲೆ ತೆಗೆದ ಮೇಲೆ ಪಂಡಿತರು ಎರಡೇ ಮಾತು ಹೇಳಿದರು. ಮದ್ದಿನ ಹೆಸರು ಯಾರೂ ಎತ್ತಬಾರದು. ಸೋತೆ ಅಂದವರನ್ನು ನೋಡಿ ಯಾರೂ ನಗಬಾರದು. ಆಮೇಲೆ ಬೇರೆಯವರಿಗೆ ಹೇಳು ಅನ್ನದೆ ತಮ್ಮದನ್ನೇ ಮೊದಲು ಹೇಳಿದರು. ಒಬ್ಬ ಬಾಣಂತಿಯ ಜ್ವರ. ಗೊತ್ತಿದ್ದದ್ದನ್ನೆಲ್ಲ ಮಾಡಿದ್ದರಂತೆ, ಉಳಿಯಲಿಲ್ಲವಂತೆ. "ಆ ಮನೆ ಮುಂದೆ ಈಗಲೂ ನಾನು ಹಾದುಹೋಗೋದಿಲ್ಲ. ಸುತ್ತು ಬಳಸಿ ಹೋಗ್ತೀನಿ" ಎಂದರು. ತಲೆ ತಗ್ಗಿಸಿ ಕೂತರು.

ಸುತ್ತ ಕೂತವರು ಎಲೆಅಡಿಕೆ ಚೀಲ ಬಿಚ್ಚಿದರು. ಇದೂ ಹೋದ ವರ್ಷದ ಕಥೆಯೇ ಅಂದುಕೊಂಡೆ.

ಆಗ ಕಾಳೇಗೌಡರು ಎದ್ದರು. ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ನಂದು ದೂರ ಇಲ್ಲ ಬುದ್ಧಿ" ಎಂದು ನನ್ನತ್ತ ಕೈ ತೋರಿಸಿದರು. "ಅಗೋ, ಅಲ್ಲಿ ಮರದ್ ತಾವ ಕುಂತವ್ರಲ್ಲ, ಅವರೇ ನನ್ನ ಸೋಲು. ಮೂಳೆ ಕೂಡಿಸ್ದೆ. ಮೊಣಕೈ ಕೆಡಿಸ್ಬುಟ್ಟೆ. ಒಪ್ಪತ್ತು ಅಂದ್ರು. ಒಪ್ಪತ್ತಲ್ಲ. ಉಣ್ಣಕ್ಕೆ ಆಗಕ್ಕಿಲ್ಲ ಅವರಿಗೆ."

ತೋಪಿಗೆ ತೋಪೇ ನನ್ನ ಕಡೆ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಯಾರೂ ನಗಲಿಲ್ಲ. ಕಾಳೇಗೌಡರಂಥ ಹೆಸರುವಾಸಿ, ತಮ್ಮದೇ ಕಸುಬಿನವರ ನಡುವೆ ನಿಂತು ಕೆಡಿಸಿಬಿಟ್ಟೆ ಅಂದರಲ್ಲ! ನಾನು ಎಷ್ಟೋ ಸಭೆಗಳಲ್ಲಿ ಎಷ್ಟೋ ದೊಡ್ಡವರನ್ನು ಕಂಡಿದ್ದೇನೆ. ಇಂಥ ಎದೆಗಾರಿಕೆ ಕಂಡಿರಲಿಲ್ಲ.

ಹೆಗ್ಗಡದೇವನಕೋಟೆ ಕಡೆಯಿಂದ ಜವರಮ್ಮ ಬಂದಿದ್ದರು. ಆನೆ ಮೇಲಿಂದ ಬಿದ್ದ ಮಾವುತರ ಕೈಕಾಲು ನೀವಿ ನೀವಿ ಪಳಗಿದ ಹೆಂಗಸು. ಅವರ ಮನೆತನಕ್ಕೂ ಕಾಳೇಗೌಡರ ಮನೆತನಕ್ಕೂ ಹಿಂದಿನಿಂದ ಎಣ್ಣೆ ಸೀಗೆಕಾಯಿ. ಒಬ್ಬರು ಮುಟ್ಟಿದ ಕೈಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಆಕೆ ಕೂತಲ್ಲಿಂದಲೇ, "ಕಳ್ಸಿ ಗೌಡ್ರೆ, ನೋಡವ. ಏನು ಆಕ್ತೀಯ ಅಂತ ಮಾತ್ರ ಕೇಳ್ಬ್ಯಾಡಿ" ಎಂದರು.

"ಕೇಳಕ್ಕಿಲ್ಲ ಕಣವ್ವ. ಮಡಚಿದ್ರೆ ಸಾಕು."

ನನ್ನನ್ನು ಯಾರೂ ಕೇಳಲಿಲ್ಲ. ಅಲ್ಲಿಗೆ ನನ್ನ ಕೈಯ ಇತ್ಯರ್ಥವಾಯಿತು.

ಆಮೇಲೆ ತಡೆಯುವವರೇ ಇರಲಿಲ್ಲ. ಬಿಡದ ಕಾಮಾಲೆ, ಮಾಯದ ಹುಣ್ಣು, ಎತ್ತಿನ ಗೊರಸು. ಒಬ್ಬರ ಸೋಲಿಗೆ ಇನ್ನೊಬ್ಬರು "ನನ್ ತಾವ ಕಳ್ಸು" ಅನ್ನುವರು, ಇಲ್ಲವೇ "ನನ್ ಕೈಲೂ ಆಗ್ನಿಲ್ಲ ಕಣಪ್ಪ" ಅನ್ನುವರು. ಅದನ್ನು ಕೇಳಿಯೂ ಹೇಳಿದವರ ಮುಖ ಹಗುರಾಗುತ್ತಿತ್ತು. ಹೊತ್ತು ಮುಳುಗುವವರೆಗೆ ಯಾರೂ ಏಳಲಿಲ್ಲ. ಒಂದು ಮದ್ದಿನ ಹೆಸರೂ ಹೊರಬೀಳಲಿಲ್ಲ. ಯಾವ ಅಪ್ಪನ ಆಣೆಯೂ ಮುರಿಯಲಿಲ್ಲ.

ಮೇಷ್ಟರುಗಳ, ವಕೀಲರ, ಡಾಕ್ಟರುಗಳ ಸಮ್ಮೇಳನಗಳಿಗೆ ನಾನು ಹೋಗಿ ಬಂದವನು. ಅಲ್ಲಿ ಗೆದ್ದವರೇ ಬಂದಿರುತ್ತಾರೆ, ಗೆದ್ದದ್ದನ್ನೇ ಓದುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಸೋಲನ್ನು ತಮ್ಮ ತಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ರೈಲು ಹತ್ತುತ್ತಾರೆ. ಹಾಗಾದರೆ ಕೂಡಿದ್ದು ಯಾತಕ್ಕೆ? ಪ್ರೋಗ್ರಾಮು ಅಚ್ಚು ಹಾಕಿಸುವುದಕ್ಕೆ ಮುಂಚೆ ನಮ್ಮವರು ಒಂದು ಸಲ ನಂಜುಂಡ ಪಂಡಿತರ ಕಾಲಿಗೆ ಬಿದ್ದು ಬರಲಿ.

ನಾನು ಜವರಮ್ಮನ ಜಗಲಿಯಲ್ಲಿ ವಾರಗಟ್ಟಲೆ ಕೂತೆ. ಎಂಥದೋ ಎಣ್ಣೆ. ಕೇಳಬೇಡಿ, ನನಗೂ ಹೇಳಲಿಲ್ಲ. ಬಿಸಿ ಹೊಟ್ಟಿನ ಶಾಖ. "ಅರಚ್ಕಳಿ, ಕೈ ಮಾತ್ರ ಎಳ್ಕಬ್ಯಾಡಿ" ಅನ್ನುತ್ತಿದ್ದರು. ಅರಚಿದೆ. ದಿನಕ್ಕೊಂದಿಷ್ಟು ಮಡಚಿತು.

ಹೋದ ಸೋಮವಾರ ಊರಿಗೆ ಬಂದೆ. ಸುದ್ದಿ ಕೇಳಿ ಕಾಳೇಗೌಡರು ಬಂದರು. ಗೌರಮ್ಮ ಇಬ್ಬರಿಗೂ ಎಲೆ ಹಾಕಿದಳು. ಅವರು ತಮ್ಮ ಮುದ್ದೆ ಮುರಿಯದೆ ನನ್ನನ್ನೇ ನೋಡುತ್ತ ಕೂತರು. ನಾನು ಬಲಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿದೆ. ಮೊಣಕೈ ನೊಂದಿತು. ತುತ್ತು ಬಾಯಿಗೆ ಬಂತು. (ನಾನು ಒಳಗೆ ಹೋಗಿ ಅತ್ತೆ. — ಗೌರಮ್ಮ.)

ಕಾಳೇಗೌಡರು ಟವಲಿನಿಂದ ಮುಖ ಒರೆಸಿಕೊಂಡರು. "ಆಯ್ತು ಬುಡಿ" ಎಂದರು. "ಬರೋ ವರ್ಷ ತೋಪಲ್ಲಿ ಏಳಕ್ಕೆ ಬ್ಯಾರೆ ಒಂದು ಸೋಲ ಉಡುಕಬೇಕಲ್ಲ ನಾನು."

ಹಾರ ಹಾಕಿಸಿಕೊಂಡು ಕುರ್ಚಿಯ ಮೇಲೆ ಕೂರುವ ಅಧ್ಯಕ್ಷರೇ, ನಿಮ್ಮ ಹತ್ತಿರ ಹೇಳುವಂಥದ್ದು ಒಂದೂ ಇಲ್ಲವೇ?