ಅತ್ತಿಗೆಯ ಮೂರನೇ ಕನ್ನಡಕ

ನನ್ನ ಗಂಡನಿಗೆ ಗಿರಾಕಿಗಳು ಇಟ್ಟ ಹೆಸರು ಮಿಲಿಮೀಟರ್. ಇಪ್ಪತ್ತೆರಡು ವರ್ಷದಿಂದ ಅವರ ಕನ್ನಡಕದ ಅಂಗಡಿಯ ಮುಂದಿನ ಮೇಜಿನಲ್ಲಿ ಕೂತಿರುವ ನನಗೆ ಆ ಹೆಸರು ಕೇಳಿದರೇ ಮೈ ಉರಿಯುತ್ತದೆ.

ಬೇರೆಯವರು ಐದು ನಿಮಿಷದಲ್ಲಿ ಮುಗಿಸುವ ಅಳತೆಗೆ ಇವರಿಗೆ ಅರ್ಧ ಗಂಟೆ ಬೇಕು. ಅದರಲ್ಲೂ ಪ್ರೋಗ್ರೆಸಿವ್ ಕನ್ನಡಕವಾದರೆ ಕೇಳುವುದೇ ಬೇಡ. ಒಂದೇ ಗಾಜಿನಲ್ಲಿ ಮೇಲೆ ದೂರದ ನೋಟ, ಕೆಳಗೆ ಹತ್ತಿರದ ನೋಟ, ಎರಡರ ನಡುವೆ ಇಳಿಯುವ ಒಂದು ಕಿರುದಾರಿ. ಗೆರೆ ಕಾಣದಂತೆ ಇವನ್ನು ಬೆಸೆಯುವಾಗ ಹುಟ್ಟುವ ಮಸುಕನ್ನು ಗಾಜು ರೂಪಿಸುವವರು ಎರಡು ಬದಿಗೆ ತಳ್ಳುತ್ತಾರೆ; ಪೂರ್ತಿ ಅಳಿಸಲು ಯಾರಿಂದಲೂ ಆಗಿಲ್ಲ. ಹಾಗಾಗಿ ಫ್ರೇಮ್ ಹಾಕಿಸಿ, ಕಣ್ಣಿನ ಪಾಪೆ ಎಲ್ಲಿ ಬರುತ್ತದೋ ಅಲ್ಲೇ ಫ್ರೇಮಿನಲ್ಲಿರುವ ಪವರ್ ಇಲ್ಲದ ನಕಲಿ ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕಬೇಕು. ಗುರುತು ಸ್ವಲ್ಪ ಕೆಳಗಾದರೂ ಓದುವ ಜಾಗ ಕಣ್ಣಿಗೆ ಸಿಗದಷ್ಟು ಕೆಳಗೆ ಹೋಗಿ ಕೂರುತ್ತದೆ.

ಅಳತೆ ಅಂದ ಕೂಡಲೇ ಜನ ಫೋಟೋಗೆ ಕೂತವರಂತೆ ಸೆಟೆದುಕೊಳ್ಳುತ್ತಾರೆ. ಸೆಟೆದ ಕತ್ತಿಗೆ ಹಾಕಿದ ಗುರುತು ಮನೆಗೆ ಹೋದ ಮೇಲೆ ಕೆಲಸಕ್ಕೆ ಬರುವುದಿಲ್ಲ ಎಂದು ಇವರ ವಾದ. ಅದಕ್ಕೇ ಸ್ಟೂಲನ್ನು ಗಿರಾಕಿಯ ಎತ್ತರಕ್ಕೆ ಹೊಂದಿಸಿ ಎದುರು ಕೂತು, ಹಲ್ಲುನೋವು, ಬಸ್ಸು, ಅಳಿಯನ ನೌಕರಿ ಎಂದು ಹರಟುತ್ತಾರೆ. ಕತ್ತು ಸಡಿಲವಾದ ಗಳಿಗೆಯಲ್ಲಿ ಟಕ್ಕನೆ ಚುಕ್ಕಿ ಇಡುತ್ತಾರೆ. ಅಷ್ಟರಲ್ಲಿ ಬೆಂಚಿನಲ್ಲಿ ಕಾದವರು ನನ್ನ ಪ್ರಾಣ ಹಿಂಡಿರುತ್ತಾರೆ.

ಇಂಥ ಮನುಷ್ಯ ಸ್ವಂತ ಅಕ್ಕನ ಕನ್ನಡಕದಲ್ಲೇ ಎಡವಿದರು. ಅದೂ ಎರಡು ಸಲ.

ಅತ್ತಿಗೆ ಲಾಂಡ್ರಿಯೊಂದರಲ್ಲಿ ರಫೂ ಮಾಡುತ್ತಾರೆ. ಹರಿದ ಕೋಟಿನ ಒಳಮಡಿಕೆಯಿಂದಲೇ ಎಳೆ ತೆಗೆದು, ತೂತು ಎಲ್ಲಿತ್ತೆಂದು ಕೋಟಿನವನಿಗೇ ಗೊತ್ತಾಗದಂತೆ ಹೆಣೆಯುವ ಕೈ ಅವರದು. ಇವರು ಮಾಡಿಕೊಟ್ಟ ಹೊಸ ಪ್ರೋಗ್ರೆಸಿವ್ ಕನ್ನಡಕದಲ್ಲಿ ಬೀದಿಯ ಬೋರ್ಡುಗಳೆಲ್ಲ ಕಂಡವು, ಸೂಜಿ ಮಾತ್ರ ಕಾಣಲಿಲ್ಲ. ಕೈಯಿಂದ ಕನ್ನಡಕವನ್ನು ಮೇಲೆತ್ತಿ ಹಿಡಿದರೆ ಕಾಣುತ್ತಿತ್ತು, ಆದರೆ ರಫೂ ಎರಡು ಕೈಯ ಕೆಲಸ. ಓದುವ ಕನ್ನಡಕ ಬೇರೆ ಇಟ್ಟುಕೊಳ್ಳಲಿ ಎಂದರೆ, ಅಂಥವು ಮೂರರ ಮೇಲೆ ಅವರು ಈಗಾಗಲೇ ಕೂತು ಮುರಿದಿದ್ದರು. ಇವರು ಫ್ರೇಮಿನ ಮೇಲೆ ತಪ್ಪು ಹೊರಿಸಿ ಬೇರೆಯದು ಮಾಡಿಕೊಟ್ಟರು. ಅದೂ ಹಾಗೇ ಆಯಿತು. ಯಾರದೋ ಉಣ್ಣೆಯ ಕೋಟಿನ ತೋಳು ಸೊಟ್ಟಗಾದ ಮೇಲೆ ಲಾಂಡ್ರಿಯ ಮಾಲೀಕ, “ಒಂದನೇ ತಾರೀಕಿಂದ ಸೂಜಿ ಬೇಡಮ್ಮ, ಬಟ್ಟೆಗೆ ಚೀಟಿ ಅಂಟಿಸ್ಕೊಂಡಿರಿ” ಎಂದುಬಿಟ್ಟ. ನಲವತ್ತು ವರ್ಷ ಮೀರಿ ಸೂಜಿ ಹಿಡಿದ ಕೈಗೆ ಗೋಂದಿನ ಡಬ್ಬಿ.

ಮಾರನೆಯ ದಿನ ಅತ್ತಿಗೆ ಅಂಗಡಿಗೆ ಬಂದು ನನ್ನ ಪಕ್ಕ ಕೂತರು. ತಲೆ ತಗ್ಗಿಸಿ, ನನ್ನ ತೋಳಿಗೆ ಅಂಟಿದ್ದ ದಾರದ ಚೂರುಗಳನ್ನು ಹೆಕ್ಕುತ್ತ ಮಾಲೀಕನ ಮಾತು ಹೇಳುತ್ತಿದ್ದರು. ಅಷ್ಟರಲ್ಲಿ ಇವರು ಪೆನ್ನು ಹಿಡಿದು ಒಳಗಿನಿಂದ ಬಂದರು. ಅತ್ತಿಗೆಯ ಗದ್ದ ಮೇಲೆ ಹೋಯಿತು. ಇವರು ಸ್ಕೇಲು ತರಲು ಒಳಗೆ ಹೋದರು, ಗದ್ದ ಇಳಿಯಿತು. ವಾಪಸ್ ಬಂದರು, ಮತ್ತೆ ಏರಿತು.

“ಆ ಪೆನ್ನು ಇಲ್ಲಿ ಕೊಡಿ,” ಎಂದೆ.

“ನಿನಗೇನ್ ಗೊತ್ತಾಗತ್ತೆ?”

“ಇಪ್ಪತ್ತೆರಡು ವರ್ಷದಿಂದ ಇನ್ನೇನ್ ನೋಡ್ತಾ ಕೂತಿದ್ದೀನಿ? ಒಳಗೆ ಹೋಗಿ ಬಾಗಿಲು ಹಾಕ್ಕೊಳಿ.”

ಅತ್ತಿಗೆಯನ್ನು ಮಾತಿಗೆ ಎಳೆದು ನಾನೇ ಚುಕ್ಕಿ ಇಟ್ಟೆ. ಇವರು ಬಂದು ಅಳೆದರು, ಮತ್ತೊಮ್ಮೆ ಅಳೆದರು. ತಮ್ಮ ಗುರುತಿಗಿಂತ ನಾಲ್ಕು ಮಿಲಿಮೀಟರ್ ಮೇಲೆ.

“ನಿಮ್ಮನ್ನ ಕಂಡ್ರೆ ಅವರ ಗದ್ದ ಮೇಲೆ ಹೋಗತ್ತೆ, ನಿಮ್ಮ ಗುರುತು ಕೆಳಗೆ ಬೀಳತ್ತೆ,” ಎಂದೆ.

“ಅಕ್ಕ ಇರೋದೇ ಹಾಗಲ್ವಾ?”

ಊರಿನವರ ಕತ್ತನ್ನೆಲ್ಲ ಓದುವ ಈ ಮಹಾನುಭಾವ ಅಕ್ಕನದು ಅದೊಂದೇ ಮುಖ ಎಂದುಕೊಂಡಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಅತ್ತಿಗೆಯನ್ನೂ ಕೇಳಿದೆ: “ಇವರ ಮುಂದೆ ಮಾತ್ರ ಯಾಕೆ ಹೀಗೆ?”

ಅವರು ನನ್ನ ತೋಳಿನಿಂದ ಇನ್ನೊಂದು ದಾರದ ಚೂರು ಹೆಕ್ಕಿದರು. “ಅಮ್ಮ ಹೋದಾಗ ಇವನಿಗೆ ಏಳು ವರ್ಷ. ನಾನು ತಲೆ ತಗ್ಗಿಸಿದ್ರೆ ಸಾಕು, ಅಕ್ಕ ಅಳ್ತಿದಾಳೆ ಅಂದ್ಕೊಂಡು ತಾನೂ ಶುರು ಮಾಡ್ತಿದ್ದ. ಹಾಗೆ ಅಳ್ತಾ ಇರೋನ್ನ ಬಿಟ್ಟು ಕೆಲಸಕ್ಕೆ ಹೋಗೋದು ಹೇಗೆ ಹೇಳು? ಅದಕ್ಕೇ ತಲೆ ಎತ್ಕೊಂಡೇ ಇರ್ತಿದ್ದೆ. ಆಮೇಲೆ ಇಳಿಸೋದು ಮರೆತೇ ಹೋಯ್ತು.”

ಇವರು ಸ್ಕೇಲನ್ನೇ ನೋಡುತ್ತ, “ನನಗೆ ನೆನಪಿಲ್ಲ,” ಎಂದರು.

ಮೂರನೇ ಕನ್ನಡಕ ಬಂದದ್ದು ತಿಂಗಳ ಇಪ್ಪತ್ತೊಂಬತ್ತಕ್ಕೆ. ಇವರೇ ಅಕ್ಕನ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಸರಿಮಾಡಿ, ಎದುರು ಕೂತರು. ನಾನು ಹರಿದ ತೋಳೊಂದನ್ನು ಅತ್ತಿಗೆಯ ಮಡಿಲಲ್ಲಿಟ್ಟೆ. ಅವರು ಗದ್ದ ಎತ್ತಿಕೊಂಡೇ ಸೂಜಿ ಹುಡುಕಿದರು.

“ತಲೆ ಬಗ್ಗಿಸಿ ಅತ್ತಿಗೆ. ನಿಮ್ಮ ತಮ್ಮನಿಗೀಗ ಐವತ್ತೊಂದು ವರ್ಷ,” ಎಂದೆ.

ಅವರು ತಮ್ಮನನ್ನು ಒಮ್ಮೆ ನೋಡಿ ತಲೆ ಬಗ್ಗಿಸಿದರು. ಸೂಜಿ ಬಟ್ಟೆಯೊಳಗೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಕೈ ಒಮ್ಮೆಯೂ ಕನ್ನಡಕದ ಹತ್ತಿರ ಹೋಗಲಿಲ್ಲ.

“ಎಳೆ ಎಳೆ ಕಾಣ್ತಿದೆ,” ಎಂದರು. “ಗೋಂದು ಆ ಮಾಲೀಕನೇ ಇಟ್ಕೊಳ್ಳಲಿ.”

ಮಿಲಿಮೀಟರ್‌ಗೆ ನಾಲ್ಕು ಮಾತು ಹೇಳಬೇಕೆಂದು ತಿರುಗಿದೆ. ಸ್ಟೂಲಿನ ಮೇಲೆ ಕೂತಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅತ್ತಿಗೆಗೂ ಕೇಳಿಸಿರಬೇಕು. ಆದರೆ ತಲೆ ಎತ್ತಲಿಲ್ಲ, ಹೆಣೆಯುತ್ತಲೇ ಇದ್ದರು.