ರೇಡಿಯೋ ವ್ಯಾನಿನ ಮುಂದೆ ಸರಿಸಿದ ತೋಳು

ಇವತ್ತು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಎಫ್‌ಎಂ ರೇಡಿಯೋದವರ ಬಣ್ಣದ ವ್ಯಾನು ಮೈಕಿನಲ್ಲಿ ಜನರನ್ನು ಕರೆಯುತ್ತಿತ್ತು. ನನ್ನ ಕಾಲುಗಳು ಅಲ್ಲೇ ನಿಂತವು.

ನಾನು ಚಿಕ್ಕವಳಿದ್ದಾಗ ಕ್ಯಾಸನೂರಿನ ಹತ್ತಿರದ ನಮ್ಮೂರಿಗೆ ಮೈಕು ಕಟ್ಟಿದ ಗಾಡಿ ಬಂತೆಂದರೆ ಅದು ಮಂಗನ ಕಾಯಿಲೆಯ ಇಂಜೆಕ್ಷನ್ನಿಗೇ. ಹಾಗಾಗಿ ಮೊದಲ ಸಲ ರೇಡಿಯೋ ವ್ಯಾನು ಬಂದಾಗಲೂ ಅಜ್ಜಿ ಸಗಣಿ ಕೈ ತೊಳೆದು, ನನ್ನನ್ನು ಎಳೆದುಕೊಂಡು ಓಡಿದಳು. ಫ್ರಾಕಿನ ತೋಳು ಮೇಲಕ್ಕೆ ಸರಿಸಿ ನನ್ನನ್ನು ಮುಂದೆ ನಿಲ್ಲಿಸಿದಳು.

"ಯಾವ ಹಾಡು ಹಾಕ್ಲಿ ಅಜ್ಜಿ?" ಎಂದ ಮೈಕು ಹಿಡಿದವನು.

"ಹಾಡು ಬ್ಯಾಡ ಮಾರಾಯ, ಈ ಮಗೀಗೆ ಸೂಜಿ ಹಾಕು. ಇವಳಪ್ಪ ಹಾಕಿಸ್ಕೊಳ್ದೇ ಅದೇ ಕಾಯಿಲೇಲಿ ಹೋಗ್ಬಿಟ್ಟ."

ಅವನು ಮೈಕು ಆಫ್ ಮಾಡಿದ. ಸುತ್ತ ನಿಂತವರು ಯಾರೂ ನಗಲಿಲ್ಲ.

"ಯಾವ ಹಾಡು ಬೇಕು ಮೇಡಂ?" ಇವತ್ತಿನ ವ್ಯಾನಿನ ಹುಡುಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ರವಿಕೆಯ ತೋಳನ್ನು ಮೇಲಕ್ಕೆ ಸರಿಸುತ್ತಿತ್ತು.